ಅದಕ್ಕೂ ಮುಂಚೆ ಮೇಷ್ಟ್ರು

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ತೀರಿಕೊಂಡ ದಿನ, ಅವರ ಸಾವಿಗೆ ಕಾರಣವೇನು ಎಂಬ ಬಗ್ಗೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಒಮ್ಮತ ಮೂಡಲಿಲ್ಲ. ಡಾಕ್ಟರು ಹೃದಯ ಎಂದರು. ಮೇಷ್ಟ್ರು ಬಾಡಿಗೆಗಿದ್ದ ಮನೆಯ ಅಜ್ಜಿ, ಇಂದಿಗೂ ಮಗ್ಗದ ಮೇಲೆ ಕೂತು ರೇಷ್ಮೆ ಸೀರೆ ನೇಯುವವಳು, ಹಿಂದಿನ ವಾರ ಅವರು ಮಳೆಯಲ್ಲಿ ನೆನೆದು ಬಂದು ತಲೆ ಒರೆಸಿಕೊಳ್ಳದೆ ಓದಲು ಕೂತದ್ದೇ ಕಾರಣ ಎಂದಳು. ಎದುರು ಮನೆಯವನು ಬೀಡಿ ಎಂದ. ಚಳ್ಳಕೆರೆಯಿಂದ ಬಂದ ಅವರ ಅಣ್ಣನ ಮಗ, ಹೊತ್ತಿಗೆ ಸರಿಯಾಗಿ ಊಟ ಇಲ್ಲದ್ದು ಎಂದ. ನಾಲ್ವರೂ ಹೆಣದ ಮುಂದೆಯೇ ದನಿ ಏರಿಸತೊಡಗಿದಾಗ ನನಗೆ ಅಳುವಿನ ನಡುವೆ ನಗು ಬಂತು. ಮಲಗಿದ್ದ ಮನುಷ್ಯ ಎದ್ದು ಕೂತು ನೋಟ್‌ಬುಕ್ಕು ತೆರೆಯದೇ ಇದ್ದದ್ದೇ ಆಶ್ಚರ್ಯ.

ನಾನು ಆ ಕಾಲೇಜಿನ ಗುಮಾಸ್ತ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಮರಣ ನೋಂದಣಿಯ ಫಾರಂ ನನ್ನ ಕೈಗೇ ಬಂತು. ‘ಮರಣದ ಕಾರಣ’ ಎಂಬ ಕಲಮಿನ ಮುಂದೆ ನಾಲ್ಕು ಬೆರಳಿನಷ್ಟು ಜಾಗ ಇತ್ತು. ನಾನು ಎಂಥೆಂಥ ಫಾರಂ ತುಂಬಿದವನು. ಆದರೆ ಅವತ್ತು ಪೆನ್ನು ಮುಂದಕ್ಕೆ ಹೋಗಲಿಲ್ಲ. ‘ಹೃದಯ’ ಎಂದು ಬರೆದೆನೋ ಇಲ್ಲವೋ, ಕಿವಿಯ ಹತ್ತಿರ ಆ ಹಳೆಯ ದನಿ ಕೇಳಿತು. “ಅದಕ್ಕೂ ಮುಂಚೆ?”

ಈ ಎರಡು ಪದ ಅವರ ಪಾಠ, ಅವರ ಜಗಳ, ಅವರ ಅಡ್ಡಹೆಸರು ಎಲ್ಲವೂ ಆಗಿತ್ತು. ಹುಡುಗರು ಬೆನ್ನ ಹಿಂದೆ ‘ಅದಕ್ಕೂಮುಂಚೆ ಮೇಷ್ಟ್ರು’ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. ಒಮ್ಮೆ ಹಾಗೆ ಕೂಗಿದ ಹುಡುಗನನ್ನು ಕರೆಸಿ, “ಈ ಹೆಸರು ಇಡೋಕೂ ಮುಂಚೆ ನಂಗೆ ಏನಂತಿದ್ರಿ?” ಎಂದು ಕೇಳಿ ಬರೆದುಕೊಂಡಿದ್ದರು.

ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದಲ್ಲಿ. ಆಗಲೇ ಅವರಿಗೆ ಐವತ್ತು ಸಮೀಪಿಸಿತ್ತು. ಉದ್ದನೆಯ, ಸ್ವಲ್ಪ ಬಾಗಿದ ಆಳು. ಬಡಗಿ ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ ಕಿವಿಯ ಮೇಲೆ ಸೀಮೆಸುಣ್ಣ. ಹೆಗಲಿನ ಚೀಲದಲ್ಲಿ ನಾಲ್ಕು ನೋಟ್‌ಬುಕ್ಕು, ಒಂದು ಪೊಟ್ಟಣ ಮಂಡಕ್ಕಿ. ಮದುವೆಯಾಗಿರಲಿಲ್ಲ. ಯಾಕೆ ಸಾರ್ ಎಂದು ಯಾರಾದರೂ ಕೇಳಿದರೆ, “ಕಾರಣಗಳು ಇನ್ನೂ ಚರ್ಚೇಲಿ ಅವೆ” ಎನ್ನುತ್ತಿದ್ದರು.

ಸಿಲಬಸ್ಸಿನ ಪ್ರಕಾರ ಮೊದಲನೇ ಮಹಾಯುದ್ಧಕ್ಕೆ ಆರು ಪೀರಿಯಡ್ಡು. ಮೇಷ್ಟ್ರು ಅದರ ಕಾರಣಗಳನ್ನು ಜುಲೈಯಲ್ಲಿ ಹಿಡಿದುಕೊಂಡರೆ ದಸರಾ ರಜೆ ಬಂದರೂ ಯುದ್ಧ ಶುರುವಾಗುತ್ತಿರಲಿಲ್ಲ. ಎರಡನೇ ಮಹಾಯುದ್ಧವನ್ನು ನಮ್ಮ ಹುಡುಗರು ಗೈಡು ನೋಡಿ ತಾವೇ ಮಾಡಿಕೊಳ್ಳಬೇಕಿತ್ತು. ನನ್ನ ಕಚೇರಿಗೂ ಅವರ ಕ್ಲಾಸಿಗೂ ನಡುವೆ ಗಾಜು ಒಡೆದ ಒಂದು ಕಿಟಕಿ ಇತ್ತು. ಸಂಬಳದ ಬಿಲ್ಲು ಬರೆಯುತ್ತಲೇ ನಾನು ಯುರೋಪಿನ ಕಥೆಯನ್ನೆಲ್ಲ ಕೇಳಿಸಿಕೊಂಡಿದ್ದೇನೆ.

“ಆಸ್ಟ್ರಿಯಾದ ಯುವರಾಜನಿಗೆ ಗುಂಡು ಹೊಡದ್ರು, ಯುದ್ಧ ಆಯ್ತು ಸಾರ್.”

“ಅದಕ್ಕೂ ಮುಂಚೆ?”

“ಡ್ರೈವರ್ ಕಾರನ್ನ ತಪ್ಪು ರಸ್ತೆಗೆ ತಿರುಗಿಸಿದ ಸಾರ್.”

“ಅದಕ್ಕೂ ಮುಂಚೆ?”

“ದೇಶದೇಶದವರು ಗುಂಪು ಕಟ್ಕಂಡು ಒಪ್ಪಂದ ಮಾಡ್ಕಂಡಿದ್ರು ಸಾರ್.”

“ಗುಂಡು ಕಿಡಿ ಕಣ್ರಯ್ಯ. ಸೌದೆ ಒಟ್ಟಿದೋರು ಯಾರು? ಸೌದೆ ಒಣಗಿದ್ದು ಯಾಕೆ? ಎಂಬತ್ತು ವರ್ಷ ಆಯ್ತು, ಪಂಡಿತರು ಇನ್ನೂ ಕಿತ್ತಾಡ್ತಾ ಅವ್ರೆ. ಒಬ್ಬ ಜರ್ಮನಿ ಅಂತಾನೆ. ಒಬ್ಬ ಎಲ್ಲಾರೂ ಅಂತಾನೆ. ಒಬ್ಬ ಯಾರೂ ಅಲ್ಲ, ಎಲ್ಲಾರೂ ಕಾಲು ಜಾರಿ ಬಿದ್ರು ಅಂತಾನೆ. ಇನ್ನೊಬ್ಬ, ಸೈನ್ಯ ಸಾಗಿಸೋ ರೈಲಿನ ಟೈಂಟೇಬಲ್ ಒಂದ್ಸಲ ಶುರುವಾದ್ರೆ ನಿಲ್ಸಾಕೆ ಆಗ್ತಿರಲಿಲ್ಲ, ಅದಕ್ಕೇ ಯುದ್ಧ ಆಯ್ತು ಅಂತಾನೆ.”

“ನಮ್ ಕಡೆ ರೈಲು ಟೈಮಿಗೇ ಬರಲ್ಲ ಸಾರ್.”

“ಅದಕ್ಕೇ ನೀವು ಬಚಾವು.”

ಹತ್ತು ಅಂಕದ ಪ್ರಶ್ನೆಗೆ ಪುಸ್ತಕದಲ್ಲಿದ್ದ ಆರು ಕಾರಣಗಳನ್ನು ಚಾಚೂ ತಪ್ಪದೆ ಬರೆದವರಿಗೆ ಅವರು ನಾಲ್ಕು ಕೊಡುತ್ತಿದ್ದರು. ಆರನ್ನೂ ಬರೆದು, ಕೊನೆಗೆ ‘ಇವು ಸಾಲವು ಅನ್ನಿಸುತ್ತೆ ಸಾರ್’ ಎಂದು ಸೇರಿಸಿದ ಒಬ್ಬಳಿಗೆ ಏಳು ಸಿಕ್ಕಿತ್ತು. ಪ್ರಿನ್ಸಿಪಾಲರು ಕರೆಸಿ, “ಕಾರಣ ಆರು ಅಂತ ಪುಸ್ತಕದಲ್ಲೇ ಐತಲ್ರೀ” ಎಂದು ರೇಗಿದರು. “ಪುಸ್ತಕದಲ್ಲಿ ಜಾಗ ಇದ್ದಿದ್ದು ಆರಕ್ಕೆ ಸಾರ್” ಎಂದರು ಇವರು. ವರ್ಷಕ್ಕೊಮ್ಮೆ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಶಾಸನದ ಬಂಡೆಯ ಮುಂದೆ ನಿಲ್ಲಿಸುತ್ತಿದ್ದರು. “ದೊಡ್ಡ ಯುದ್ಧ ಮಾಡಿ, ತಪ್ಪಾಯ್ತು ಅಂತ ಕಲ್ಲಲ್ಲಿ ಬರೆಸಿದ ಚಕ್ರವರ್ತಿ ಇವನೇ. ಆದ್ರೆ ನಮ್ ಕಲ್ಲಲ್ಲಿ ಆ ಮಾತಿಲ್ಲ. ತಂದೆತಾಯಿ ಹೇಳ್ದಂಗೆ ಕೇಳ್ರಿ ಅಂತ ಬರೆಸಿ ಹೋಗವ್ನೆ. ಯಾಕೆ?” ಹಿಂದಿನಿಂದ ಒಬ್ಬ, “ಯುದ್ಧ ಮಾಡಿದ್ದು ನಮ್ ಜೊತೆ ಅಲ್ವಲ್ಲ ಸಾರ್, ನಮಗ್ಯಾಕೆ ಹೇಳ್ಬೇಕು?” ಎಂದ. ಮೇಷ್ಟ್ರಿಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ವಾಪಸ್ ಬರುವ ಬಸ್ಸಿನಲ್ಲಿ ಅವನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಮನೆಯಲ್ಲೂ ಇದೇ ಕಥೆ. ಹಗಲಿಡೀ ಅಜ್ಜಿಯ ಮಗ್ಗದ ಸದ್ದು, ಅದರ ಪಕ್ಕದ ಕೋಣೆಯಲ್ಲಿ ಇವರು ಪುಸ್ತಕದೊಂದಿಗೆ. ಕಾಫಿ ಲೋಟ ತಂದಿಟ್ಟಾಗಲೆಲ್ಲ ಅಜ್ಜಿ ತನ್ನ ತೆಲುಗಿನಲ್ಲಿ, “ಏಮಿ ಸಾರೂ, ಇಂಕಾ ಯುದ್ಧಂ ಅಯಿಪೋಲೇದಾ?” ಎನ್ನುತ್ತಿದ್ದಳು. ಇನ್ನೂ ಯುದ್ಧ ಮುಗಿದಿಲ್ಲವೇ ಎಂದು. ಮೇಷ್ಟ್ರು ತಲೆ ಎತ್ತದೆ, “ಇನ್ನೂ ಶುರುವಾಗಿಲ್ಲ ಅಜ್ಜಿ” ಎನ್ನುವರು.

ನಿಜ ಹೇಳುತ್ತೇನೆ, ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ನಾನು ಕಡತದ ಮನುಷ್ಯ. ಕಡತ ತೆರೆದರೆ ಮುಚ್ಚಬೇಕು, ಮೇಲೆ ‘ಮುಕ್ತಾಯ’ ಎಂದು ಬರೆದು ದಾರ ಕಟ್ಟಬೇಕು. ಒಂದು ದಿನ ತಡೆಯಲಾರದೆ, “ಸಾರ್, ಕೊನೇಗೆ ಒಂದು ತೀರ್ಮಾನ ಅಂತ ಬೇಡ್ವಾ?” ಎಂದೆ. “ತೀರ್ಮಾನ ಆಗೋದ್ರೆ ನಾನು ನಾಳೆ ಏನ್ ಪಾಠ ಮಾಡ್ಲಿ?” ಎಂದರು.

ಇಂಥವರನ್ನು ನಮ್ಮ ಹಟ್ಟಿಯ ಜಗಳ ತೀರ್ಮಾನಿಸಲು ಕರೆದುಕೊಂಡು ಹೋದವನು ನಾನೇ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಪೆದ್ದುತನ ನಾನು ಮಾಡಿಲ್ಲ.

ನಮ್ಮದು ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಮೇಲ್ಹಟ್ಟಿ. ಒಂದೂವರೆ ಮೈಲಿ ಆಚೆಗೆ ಕೆಳಹಟ್ಟಿ. ಆಗ ಕಾವಲಿಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಎರಡೂ ಹಟ್ಟಿಯ ದನ ಹುಲ್ಲು ಹುಡುಕಿಕೊಂಡು ಓಡಾಡುತ್ತಿದ್ದವು. ಎರಡೂ ಕಡೆ ದೇವರ ಎತ್ತುಗಳಿವೆ. ಇವು ಗೇಯುವ ಎತ್ತಲ್ಲ, ದೇವರಿಗೆ ಬಿಟ್ಟವು. ಅವನ್ನು ಕಾಯಲೆಂದೇ ಇರುವವನು ಕಿಲಾರಿ. ದೇವರ ಎತ್ತು ಕುಡಿದ ಮೇಲೆಯೇ ಉಳಿದ ದನ ನೀರು ಮುಟ್ಟಬೇಕು. ಎರಡು ಹಟ್ಟಿಯ ನಡುವಿನ ಗೋಕಟ್ಟೆಗೆ ಒಬ್ಬರ ಎತ್ತುಗಳು ಬೆಳಿಗ್ಗೆ, ಇನ್ನೊಬ್ಬರವು ಮಧ್ಯಾಹ್ನ ಬರುವುದು ವಾಡಿಕೆ. ಒಂದು ಬೇಸಿಗೆಯಲ್ಲಿ ಬೇರೆಲ್ಲೂ ನೀರಿಲ್ಲದೆ ಎರಡೂ ಒಟ್ಟಿಗೆ ಬಂದವು. ಯಾವ ದೇವರ ಎತ್ತು ಮೊದಲು ಕುಡಿಯಬೇಕು? ಎತ್ತುಗಳು ಕೊಂಬಿಗೆ ಕೊಂಬು ಕೊಟ್ಟವು, ಕೆಳಹಟ್ಟಿಯ ಎತ್ತಿನ ಕೊಂಬಿನ ತುದಿ ಮುರಿಯಿತು, ಕಲ್ಲು ಬಿತ್ತು, ದೊಣ್ಣೆ ಬಂತು. ನಮ್ಮ ಕಿಲಾರಿ ನನ್ನ ಸ್ವಂತ ಚಿಕ್ಕಪ್ಪ. ಅವರ ಕಿಲಾರಿ ನನ್ನ ತಂಗಿ ಪಾಲಮ್ಮನ ಮಾವ. ಆ ದಿನ ಚಳ್ಳಕೆರೆ ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡವನು ಪಾಲಮ್ಮನ ಗಂಡ ಬೋರಯ್ಯ.

ಅಂದಿನಿಂದ ಎರಡು ಹಟ್ಟಿಗೂ ಹೋಗಿ ಬರುವುದು ನಿಂತಿತು. ಪಾಲಮ್ಮನಿಗೆ ಆಗ ಐದು ತಿಂಗಳು ತುಂಬಿತ್ತು, ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರಬೇಕು. ನಮ್ಮ ಮನೆಯ ಹಿಂದೆ ನಿಂತರೆ ಅವಳ ಮನೆಯ ಒಲೆಯ ಹೊಗೆ ಕಾಣುತ್ತಿತ್ತು. ಅವ್ವ ದಿನಾ ಬೆಳಿಗ್ಗೆ ಆ ಹೊಗೆ ನೋಡಿ, “ಎದ್ದವ್ಳೆ” ಎನ್ನುವಳು. ಮಗಳ ಬಗ್ಗೆ ಅವಳಿಗೆ ಸಿಗುತ್ತಿದ್ದ ಸುದ್ದಿ ಅಷ್ಟೇ.

ರಾಜಿಗೆ ನಮ್ಮಲ್ಲಿ ಒಂದು ಕ್ರಮ ಇದೆ. ತಪ್ಪು ಯಾರದು ಎಂದು ಮೊದಲು ಗೊತ್ತಾಗಬೇಕು. ತಪ್ಪು ಮಾಡಿದ ಹಟ್ಟಿಯವರು ತಮ್ಮ ದೇವರ ಎತ್ತನ್ನು ಮುಂದಿಟ್ಟುಕೊಂಡು, ಉರುಮೆ ಬಾರಿಸುತ್ತ, ಬರಿಗಾಲಲ್ಲಿ ನಡೆದು ಎದುರು ಹಟ್ಟಿಗೆ ಹೋಗಿ ತಪ್ಪಾಯಿತೆಂದು ವೀಳ್ಯ ಕೊಡಬೇಕು. ತಪ್ಪು ಯಾರದೆಂದು ಹೇಳುವವನು ಹೊರಗಿನವನಾಗಿರಬೇಕು. ಎರಡು ಹಟ್ಟಿಯಲ್ಲೂ ಒಂದು ಗುಟುಕು ನೀರು ಸಹ ಕುಡಿದಿರಬಾರದು. ಅಂಥವನು ಯಾರಿದ್ದಾನೆ ಎಂದು ಹಿರಿಯರು ತಲೆ ಕೆರೆದುಕೊಳ್ಳುವಾಗ ನಾನು ಬಾಯಿ ಹಾಕಿದೆ. “ನಮ್ ಕಾಲೇಜಲ್ಲಿ ಒಬ್ರು ಅವ್ರೆ. ಯುದ್ಧ ಯಾಕಾಗ್ತವೆ ಅನ್ನೋದನ್ನೇ ಮೂವತ್ತು ವರ್ಷದಿಂದ ಓದವ್ರೆ.” ಎರಡೂ ಕಡೆಯವರಿಗೂ ಒಪ್ಪಿಗೆಯಾಯಿತು. ಜಗತ್ತಿನ ಯುದ್ಧ ಓದಿದವರಿಗೆ ಗೋಕಟ್ಟೆಯ ಜಗಳ ಯಾವ ಲೆಕ್ಕ, ಒಂದು ಭಾನುವಾರ ಸಾಕು ಅಂದುಕೊಂಡೆ.

ಆ ಭಾನುವಾರ ಮೇಷ್ಟ್ರು ಎರಡು ಬಸ್ಸು ಬದಲಿಸಿ ಬಂದರು. ಗೋಕಟ್ಟೆಯ ಪಕ್ಕದ ಬೇವಿನ ಮರದ ಕೆಳಗೆ ತಮ್ಮದೇ ನೀರಿನ ಬಾಟಲಿ, ತಮ್ಮದೇ ಮಂಡಕ್ಕಿ ಇಟ್ಟುಕೊಂಡು ಕೂತರು. ಎಡಕ್ಕೆ ಮೇಲ್ಹಟ್ಟಿ, ಬಲಕ್ಕೆ ಕೆಳಹಟ್ಟಿ.

“ಮೊದ್ಲು ಕಲ್ಲು ಎಸೆದೋರು ಯಾರು?”

ಎರಡೂ ಕಡೆಯ ಕೈಗಳೆಲ್ಲ ಎದುರು ಕಡೆ ತೋರಿಸಿದವು.

“ಸರಿ. ಅದಕ್ಕೂ ಮುಂಚೆ?”

“ಅವರ ಎತ್ತು ನಮ್ ಎತ್ತನ್ನ ಗುರಾಯಿಸ್ತು ಸಾರ್” ಎಂದ ನನ್ನ ಚಿಕ್ಕಪ್ಪ.

“ಎಷ್ಟೊತ್ತು ಗುರಾಯಿಸ್ತು?”

“ಒಂದು ಬೀಡಿ ಸೇದೋ ಅಷ್ಟೊತ್ತು.”

ಮೇಷ್ಟ್ರು ಬರೆದುಕೊಂಡರು. “ಅದಕ್ಕೂ ಮುಂಚೆ?”

ಪಾಲಮ್ಮನ ಮಾವ ಎದ್ದು ನಿಂತ. “ನಮ್ ಎತ್ತು ಸುಮ್‌ಸುಮ್ಕೆ ಯಾರನ್ನೂ ಗುರಾಯಿಸಾಕಿಲ್ಲ. ಅವರ ಎತ್ತು ಹೋದ ವರ್ಷಾನೇ ಒಂದ್ಸಲ ಮೂತಿ ತಿರುವ್ತು.”

ಎತ್ತನ್ನು ನೋಡಬೇಕು ಎಂದರು ಮೇಷ್ಟ್ರು. ಮುರಿದ ಕೊಂಬಿನ ಎತ್ತಿನ ಎದುರು ನೋಟ್‌ಬುಕ್ಕು ಹಿಡಿದು ಬಹಳ ಹೊತ್ತು ನಿಂತರು. ಎತ್ತೂ ಅವರನ್ನು ನೋಡಿತು. “ಅದು ಮಾತಾಡಲ್ಲ ಸಾರ್” ಎಂದ ಕಿಲಾರಿ ಮರ್ಯಾದೆಯಿಂದ. “ಜರ್ಮನಿ ಚಕ್ರವರ್ತೀನೂ ನನ್ ಹತ್ರ ಮಾತಾಡಿಲ್ಲಪ್ಪ” ಎಂದು ಮೇಷ್ಟ್ರು ಕೊಂಬಿನ ಉದ್ದವನ್ನು ಗೇಣಿನಲ್ಲಿ ಅಳೆದರು. ಮುಂದಿನ ವಾರ ಬರುತ್ತೇನೆ ಎಂದು ಹೊರಟೂ ಬಿಟ್ಟರು.

ಮೂರನೇ ಭಾನುವಾರಕ್ಕೆ ಜಗಳ ನಮ್ಮ ತಾತನವರೆಗೆ ಹೋಯಿತು. ಅವನು ಕೆಳಹಟ್ಟಿಯಿಂದ ಒಂದು ಕಂಬಳಿ ಕೇಳಿ ಪಡೆದು ವಾಪಸ್ ಕೊಟ್ಟಿರಲಿಲ್ಲವಂತೆ. ಕೊಟ್ಟಿದ್ದ, ಆದರೆ ಅದು ತೂತಾಗಿತ್ತು ಎಂದು ನಮ್ಮವರು. ತೂತು ಕೊಡುವಾಗಲೇ ಇತ್ತೋ ಆಮೇಲೆ ಆಯಿತೋ ಎಂದು ಮಧ್ಯಾಹ್ನವಿಡೀ ಚರ್ಚೆ. ಐದನೇ ಭಾನುವಾರ ಕೆಳಹಟ್ಟಿಯ ಹಣ್ಣು ಮುದುಕನೊಬ್ಬನನ್ನು ಹೊತ್ತು ತಂದು ಕೂರಿಸಿದರು. ಅವನು “ಮಾ ತಾತ ಚೆಪ್ಪಿನಾಡು”, ನಮ್ಮ ತಾತ ಹೇಳಿದ್ದು, ಎಂದು ಅರ್ಧ ತೆಲುಗಿನಲ್ಲಿ ಶುರುಮಾಡಿ, ಹಿಂದೆ ಎರಡೂ ಹಟ್ಟಿಯವರು ದೇವರ ಪೆಟ್ಟಿಗೆ ಹೊತ್ತು ಹಗರಿ ಹೊಳೆ ದಾಟುವಾಗ ಮೇಲ್ಹಟ್ಟಿಯವರು ಹೇಳದೆ ಕೇಳದೆ ಮುಂದೆ ದಾಟಿದರು, ಎಲ್ಲಾ ಶುರುವಾದದ್ದು ಅಲ್ಲಿಂದ ಎಂದ. ಮೇಷ್ಟ್ರ ಕಣ್ಣು ಮಿನುಗಿದವು. “ಹೊಳೇಲಿ ನೀರು ಎಷ್ಟಿತ್ತು ತಾತ?”

ವಿಚಿತ್ರವೆಂದರೆ ಜನಕ್ಕೆ ಇದು ಹಿಡಿಸತೊಡಗಿತು. ಮರದ ನೆರಳು ಸಿಗಲಿ ಎಂದು ಬೆಳಿಗ್ಗೆಯೇ ಬಂದು ಟವೆಲ್ ಹಾಸುತ್ತಿದ್ದರು. ಕಡ್ಲೆಕಾಯಿ ಮಾರುವವನೊಬ್ಬ ಸೈಕಲ್ಲಿನಲ್ಲಿ ಬರಲು ಶುರುಮಾಡಿದ. ತಿಂಗಳುಗಟ್ಟಲೆ ಮುಖ ನೋಡದವರು ಎದುರು ಬದುರು ಕೂತು ಕಂಬಳಿಯ ತೂತಿನ ಬಗ್ಗೆ ಸಂತೋಷವಾಗಿ ಕೂಗಾಡುತ್ತಿದ್ದರು. ಉರಿಯುತ್ತಿದ್ದವನು ನಾನೊಬ್ಬನೇ. ಅವ್ವ ಒಳಕೋಣೆ ಸಾರಿಸಿ, ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಮಡಿಸಿಟ್ಟು, ಪ್ರತಿ ಭಾನುವಾರ ಸಂಜೆ ಬಾಗಿಲಲ್ಲಿ ಕಾಯುತ್ತಿದ್ದಳು.

“ಏನಂದ್ರಪ್ಪ ನಿಮ್ ಮೇಷ್ಟ್ರು?”

“ಹೊಳೆ ದಾಟ್ತಾ ಅವ್ರೆ ಕಣವ್ವ.”

“ಯಾರು?”

“ನಮ್ ತಾತನ ತಾತಂದಿರು.”

ಅವ್ವ ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದಳು.

ಮರುದಿನ ಸ್ಟಾಫ್ ರೂಮಿಗೆ ನುಗ್ಗಿದೆ. “ಸಾರ್, ನನ್ ತಂಗಿಗೆ ಒಂಬತ್ತು ತಿಂಗಳು ನಡೀತೈತೆ. ಹೆರಿಗೆಗೆ ಅವ್ವನ ಮನೆಗೆ ಬರಾಕಾಗ್ತಿಲ್ಲ. ಯಾರ್ದೋ ಒಬ್ಬರದು ತಪ್ಪು ಅಂತ ಹೇಳಿ ಮುಗಿಸ್ರಿ. ನಮ್ದೇ ಅಂದ್ರೂ ಸರಿ.”

“ನಿನ್ ತಂಗಿ ಯಾವ ಹಟ್ಟಿ?”

“ಹುಟ್ಟಿದ್ದು ಮೇಲ್ಹಟ್ಟಿ, ಕೊಟ್ಟಿದ್ದು ಕೆಳಹಟ್ಟಿ.”

ಅವರು ನೋಟ್‌ಬುಕ್ಕು ತೆರೆದರು. “ಮದುವೇಲಿ ಜಗಳ ಏನಾದ್ರೂ ಆಗಿತ್ತಾ?”

ಅವರ ಮೇಲೆ ಕೈ ಮಾಡದೆ ನಾನು ಹೊರಗೆ ಬಂದದ್ದು ಅವರ ವಯಸ್ಸಿಗೆ ಕೊಟ್ಟ ಗೌರವ.

ಆ ಮುಂದಿನ ಭಾನುವಾರ ಹಿರಿಯರಿಗೂ ತಾಳ್ಮೆ ಮುಗಿದಿತ್ತು. “ಸಾರ್, ಇವತ್ತು ಹೇಳ್ಬಿಡ್ರಿ. ಯಾರ್ದು ತಪ್ಪು?” ಮೇಷ್ಟ್ರು ನಾಲ್ಕೂ ನೋಟ್‌ಬುಕ್ಕುಗಳನ್ನು ಮುಂದೆ ಹರವಿಕೊಂಡರು. ನೇರ ಉತ್ತರ ಕೊಡುವ ಬದಲು ಯುರೋಪಿಗೆ ಹೊರಟರು.

“ಆ ದೊಡ್ಡ ಯುದ್ಧ ಮುಗಿದ್ಮೇಲೆ ಗೆದ್ದೋರು ಸೋತೋರ ಕೈಲಿ, ತಪ್ಪು ನಮ್ದೇ ಅಂತ ರುಜು ಹಾಕಿಸ್ಕಂಡ್ರು. ಸೋತೋರು ನಮ್ದಲ್ಲ ಅಂತ ಗಾಡಿಗಟ್ಲೆ ಕಾಗದ ತೆಗೆದ್ರು. ಹಂಗೇ ಬಾಳ ವರ್ಷ ಹೋಯ್ತು. ಆಮೇಲೆ ಏನಾಯ್ತು ಗೊತ್ತಾ? ಸೋತ ದೇಶದೋನೇ ಒಬ್ಬ ಪಂಡಿತ ಎದ್ದು, ಇಲ್ಲ ಕಣ್ರಯ್ಯ, ಶುರು ಮಾಡಿದ್ದು ನಾವೇ ಅಂದ. ದೇಶಾನೇ ಅವನ ಮೇಲೆ ಬಿತ್ತು. ನಂಗೆ ಅವನ ಮಾತಲ್ಲಿ ತೂಕ ಕಾಣ್ತದೆ. ಯುದ್ಧ ಶುರು ಮಾಡಾಕೆ ತಾಕತ್ತು ಬೇಕಲ್ರಪ್ಪ. ಬೆಲ್ಜಿಯಂ ಅಂತ ಒಂದು ಪುಟ್ಟ ದೇಶ. ಯುದ್ಧ ಅದರ ಮೇಲೇ ನಡೀತು, ಆದ್ರೂ ತಪ್ಪು ಬೆಲ್ಜಿಯಂದು ಅಂತ ಒಬ್ಬನೂ ಅನ್ನಲ್ಲ. ಪಾಪ, ಅದು ಏನ್ ಶುರು ಮಾಡೀತು?”

ಜನ ತಲೆಯಾಡಿಸಿದರು. ಮೇಷ್ಟ್ರು ಹಾಳೆ ತಿರುವಿದರು.

“ಇಲ್ಲೀವರೆಗೂ ನೋಡಿದ್ರಲ್ಲಿ, ಶುರು ಮಾಡೋ ತಾಕತ್ತು ಕೆಳಹಟ್ಟಿಗೆ ಇದ್ದಂಗೆ ಕಾಣ್ತದೆ. ದನ ಜಾಸ್ತಿ, ಆಳು ಜಾಸ್ತಿ. ಮೇಲ್ಹಟ್ಟಿಯೋರು ಯುದ್ಧ ಶುರು ಮಾಡೋ ಪೈಕಿ ಅಲ್ಲ, ಪಾಪ.”

ನಾವು ಗೆದ್ದೆವು ಎಂದು ನಾನು ಉಸಿರು ಬಿಟ್ಟೆ. ಆದರೆ ನಮ್ಮ ಕಡೆ ಯಾರೂ ನಗುತ್ತಿರಲಿಲ್ಲ. ಆ ‘ಪಾಪ’ ಹೋಗಿ ನನ್ನ ಚಿಕ್ಕಪ್ಪನಿಗೆ ಎಲ್ಲಿ ನಾಟಿತೋ, ದೊಣ್ಣೆ ಊರಿಕೊಂಡು ಎದ್ದ.

“ಸಾರ್! ಮೊದಲ್ನೇ ಕಲ್ಲು ನಂದು!”

ಪಾಲಮ್ಮನ ಮಾವ ಹಾರಿ ನಿಂತ. “ಸುಳ್ಳು! ಇವನ ಕೈಲಿ ಕಲ್ಲು ಎತ್ತಾಕೂ ಆಗಾಕಿಲ್ಲ. ಮೊದ್ಲು ಎಸೆದಿದ್ದು ನಾನು!”

“ನೀ ಎಸೆದಿದ್ದು ಮಣ್ಣು ಹೆಂಟೆ ಕಣಲೇ!”

“ನಮ್ ಎತ್ತು ಬೇಕು ಅಂತ್ಲೇ ಗುರಾಯಿಸ್ತು! ನಾನೇ ಕಲ್ಸಿದ್ದು!”

ಹೊಲಿಗೆ ಹಾಕಿಸಿಕೊಂಡ ಬೋರಯ್ಯ ಎದ್ದು, ತನಗೆ ಯಾರೂ ಹೊಡೆದೇ ಇಲ್ಲ, ಎದುರಿನವರನ್ನು ಅಟ್ಟಿಸಿಕೊಂಡು ಹೋಗುವ ಭರದಲ್ಲಿ ತಾನೇ ಮರಕ್ಕೆ ಡಿಕ್ಕಿ ಹೊಡೆದೆ ಎಂದ. ನಮ್ಮ ಕಡೆಯವನೊಬ್ಬ, ಕಂಬಳಿಗೆ ತೂತು ಮಾಡಿದ್ದು ನಮ್ಮ ತಾತನೇ, ಬೇಕೆಂದೇ ಬೆಂಕಿ ಕೆಂಡ ಇಟ್ಟ ಎಂದು ಆಣೆ ಮಾಡಿದ. ಹಣ್ಣು ಮುದುಕ ಎಲ್ಲರನ್ನೂ ಸುಮ್ಮನಿರಿಸಿ, ಹೊಳೆಯಲ್ಲಿ ಮೊದಲು ದಾಟಿದವರು ತಮ್ಮವರೇ, ಹಿಂದಿನ ಸಲ ತಪ್ಪಿ ಹೇಳಿದೆ ಎಂದು ಹೇಳಿಕೆ ತಿದ್ದಿಸಿದ. ಮೇಷ್ಟ್ರು ಮಾತ್ರ ಎರಡೂ ಕೈ ಎತ್ತಿ, “ಒಬ್ಬೊಬ್ರೇ, ಒಬ್ಬೊಬ್ರೇ! ಹಿಂಗಂದ್ರೆ ಯಾರ್ದನ್ನ ನಂಬೋದು?” ಎಂದು ಅಂಗಲಾಚುತ್ತಿದ್ದರು.

ಇನ್ನೊಂದು ಭಾನುವಾರಕ್ಕೆ ಯಾರೂ ಕಾಯಲಿಲ್ಲ. ತಪ್ಪು ವೀಳ್ಯ ಒಯ್ಯುವ ಹಕ್ಕು ನಮ್ಮದು ಎಂದು ಮೇಲ್ಹಟ್ಟಿ ಬುಧವಾರ ಬೆಳಿಗ್ಗೆ ಹೊರಡಲು ಗೊತ್ತು ಮಾಡಿತು. ಸುದ್ದಿ ಕೆಳಹಟ್ಟಿಗೆ ಮುಟ್ಟಿ, ಅವರೂ ಬುಧವಾರ ಬೆಳಿಗ್ಗೆಯೇ ಹೊರಟರು. ನಾನು ರಜೆ ಹಾಕಿದ್ದೆ. ಮೇಷ್ಟ್ರೂ ರಜೆ ಹಾಕಿ ಬಂದು ಗೋಕಟ್ಟೆಯ ಏರಿಯ ಮೇಲೆ ನಿಂತಿದ್ದರು. ಎರಡು ಕಡೆಯಿಂದಲೂ ಉರುಮೆಯ ಸದ್ದು ಹತ್ತಿರ ಹತ್ತಿರ ಬಂತು. ಒಬ್ಬರಿಗಿಂತ ಒಬ್ಬರು ಮೊದಲು ಮುಟ್ಟಬೇಕೆಂದು ಹಿರಿಯರೆಲ್ಲ ಪಂಚೆ ಎತ್ತಿ ಕಟ್ಟಿ ಬಿರಬಿರನೆ ನಡೆದಿದ್ದರು. ಬೆವರು ಸುರಿಸಿಕೊಂಡು, ಒಂದೇ ಹೊತ್ತಿಗೆ, ಗೋಕಟ್ಟೆಯ ಆಚೆ ದಡಕ್ಕೆ ಅವರು, ಈಚೆ ದಡಕ್ಕೆ ನಾವು ಬಂದು ನಿಂತೆವು. ಎರಡೂ ದೇವರ ಎತ್ತುಗಳು ನೀರಿನ ವಾಸನೆ ಹಿಡಿದು ಮೂತಿ ಎತ್ತಿದವು.

ಉರುಮೆ ನಿಂತಿತು. ಎಲ್ಲರಿಗೂ ಒಟ್ಟಿಗೆ ಹೊಳೆಯಿತು, ನಾವು ಸರಿಯಾಗಿ ಶುರುವಾದ ಜಾಗಕ್ಕೇ ಬಂದು ನಿಂತಿದ್ದೇವೆ ಎಂದು. ಯಾವ ದೇವರ ಎತ್ತು ಮೊದಲು ಕುಡಿಯಬೇಕು? ಚಿಕ್ಕಪ್ಪ ಹಗ್ಗ ಬಿಗಿಹಿಡಿದ. ಆಚೆ ದಡದಲ್ಲಿ ಬೋರಯ್ಯ ತಲೆಯ ಹೊಲಿಗೆಯ ಗುರುತು ಮುಟ್ಟಿ ನೋಡಿಕೊಂಡ. ಮೇಷ್ಟ್ರು ಕಿವಿಯ ಮೇಲಿನ ಸೀಮೆಸುಣ್ಣ ಸರಿಮಾಡಿಕೊಂಡು ಬಾಯಿ ತೆರೆದರು. ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಓಡಿಹೋಗಿ, “ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಕೇಳ್ಬೇಡಿ” ಎಂದೆ.

ಅಷ್ಟರಲ್ಲಿ ಕೆಳಹಟ್ಟಿಯ ಗುಂಪಿನ ಹಿಂದಿನಿಂದ ಪಾಲಮ್ಮ ಬಂದಳು. ತುಂಬಿದ ಹೊಟ್ಟೆ, ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ತನ್ನ ಮಾವನನ್ನು ದಾಟಿ, ಎತ್ತನ್ನು ದಾಟಿ, ಏರಿಯ ಮೇಲೆ ನಿಧಾನಕ್ಕೆ ನಡೆದು ಮೇಷ್ಟ್ರನ್ನೂ ನನ್ನನ್ನೂ ದಾಟಿ, ನಮ್ಮ ಚಿಕ್ಕಪ್ಪನನ್ನೂ ದಾಟಿದಳು. ಯಾರೂ ತಡೆಯಲಿಲ್ಲ; ಏನೆಂದು ತಡೆಯುವುದು? ಸ್ವಲ್ಪ ದೂರ ಹೋದವಳು ತಿರುಗಿ ನಿಂತು ಎರಡೂ ಕಡೆಯವರಿಗೂ ಸೇರಿಸಿ ಹೇಳಿದಳು.

“ನೀವು ತೀರ್ಮಾನ ಮಾಡ್ಕಂಡು ಬರ್ರಿ. ನಂಗೆ ಕಾಲು ನೋಯ್ತವೆ.”

ನಮ್ಮ ಹಟ್ಟಿಯ ಕಡೆ ಹೊರಟೇ ಹೋದಳು. ಅವಳನ್ನೇ ನೋಡುತ್ತ ನಿಂತವರ ಕೈಯ ಹಗ್ಗ ಯಾವಾಗ ಸಡಿಲವಾಯಿತೋ, ನಾವು ತಿರುಗಿ ನೋಡುವಷ್ಟರಲ್ಲಿ ಎತ್ತುಗಳೆರಡೂ ನೀರಿಗಿಳಿದು ಕುಡಿಯುತ್ತಿದ್ದವು. ಯಾವುದು ಮೊದಲು ಬಾಯಿ ಹಾಕಿತು ಎಂದು ನೋಡಿದವರು ಒಬ್ಬರೂ ಇರಲಿಲ್ಲ. ಹನ್ನೆರಡು ದಿನಕ್ಕೆ ನಮ್ಮ ಮನೆಯ ಒಳಕೋಣೆಯಲ್ಲಿ ಪಾಲಮ್ಮನಿಗೆ ಹೆಣ್ಣು ಮಗು ಹುಟ್ಟಿತು.

ಆ ‘ಪಾಪ’ ಎಂಬ ಮಾತನ್ನು ಮೇಷ್ಟ್ರು ಬೇಕೆಂದೇ ಹಾಕಿದರೋ ಎಂದು ನಮ್ಮ ಕಡೆ ಈಗಲೂ ಮಾತು ಬರುತ್ತದೆ. ಎಂಥಾ ಬುದ್ಧಿವಂತರು, ಜನರ ಮನಸ್ಸನ್ನು ಎಷ್ಟು ಚೆನ್ನಾಗಿ ಅರೆದು ಕುಡಿದಿದ್ದರು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮಗು ಹುಟ್ಟಿದ ಸಿಹಿ ಕೊಡಲು ಹೋದಾಗ ಅವರು ಸ್ಟಾಫ್ ರೂಮಿನಲ್ಲಿ ತಲೆಗೆ ಕೈ ಹೊತ್ತು ಕೂತಿದ್ದರು. “ಎಲ್ಲಾ ಹಾಳಾಯ್ತು ಕಣಯ್ಯ. ಆರು ವಾರದ ಸಾಕ್ಷಿ! ಈಗ ಎಲ್ಲಾರೂ ನಾನೇ ಮಾಡ್ದೆ ನಾನೇ ಮಾಡ್ದೆ ಅಂತಾರೆ. ಒಬ್ಬನೂ ನಂಬಾಕೆ ಲಾಯಕ್ಕಿಲ್ಲ. ಇನ್ನು ನಿಜ ಗೊತ್ತಾಗಂಗೇ ಇಲ್ಲ.” ಲಾಡು ತಿನ್ನುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ನನಗೆ ಅವರ ಮೇಲಿನ ಸಿಟ್ಟು ಹೊರಟುಹೋಯಿತು.

ಅವರು ತೀರಿಕೊಂಡ ಮೂರನೇ ದಿನ ಅಜ್ಜಿ ಆ ನಾಲ್ಕು ನೋಟ್‌ಬುಕ್ಕುಗಳನ್ನು ನನ್ನ ಕೈಗೆ ಹಾಕಿದಳು. ಫಾರಂನಲ್ಲಿ ನಾನು ಡಾಕ್ಟರು ಹೇಳಿದ್ದನ್ನೇ ಬರೆದು ಕಳಿಸಿಯಾಗಿತ್ತು. ಬಸ್ಸಿನಲ್ಲಿ ಕೂತು ಹಾಳೆ ತಿರುವಿದೆ. ಕಲ್ಲು, ಗುರಾಯಿಸಿದ್ದು, ಕಂಬಳಿ, ಹೊಳೆ, ಎಲ್ಲಾ ಇತ್ತು. ಒಂದೊಂದು ಕಾರಣದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ‘ಅದಕ್ಕೂ ಮುಂಚೆ?’ ಎಂದು ಬರೆದಿತ್ತು. ಕೊನೆಯ ಹಾಳೆಯಲ್ಲಿ ‘ಶಾಂತಿಗೆ ಕಾರಣಗಳು’ ಎಂದು ತಲೆಬರಹ. ಅದರ ಕೆಳಗೆ ಒಂದೇ ಸಾಲು: ‘ಆ ಹೆಣ್ಣುಮಗಳಿಗೆ ಕಾಲು ನೋಯುತ್ತಿತ್ತು.’ ಅದರ ಪಕ್ಕದಲ್ಲಿ ಕೆಂಪು ಶಾಯಿ ಇರಲಿಲ್ಲ.

ಜೀವಮಾನದಲ್ಲಿ ಒಂದೇ ಒಂದು ಸಲ ಮೇಷ್ಟ್ರು ಪೂರ್ತಿ ಒಪ್ಪಿದ ಉತ್ತರ ನನ್ನ ತಂಗಿಯದು ಎಂದು ನನಗೆ ಎದೆಯುಬ್ಬಿತು. ನೇರವಾಗಿ ಕೆಳಹಟ್ಟಿಗೆ ಹೋದೆ. ಪಾಲಮ್ಮ ಮಗಳ ತಲೆ ಬಾಚುತ್ತಿದ್ದಳು. ಆ ಸಾಲನ್ನು ಓದಿ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡರೆ ಬಾಚಣಿಗೆ ಹಿಡಿದ ಕೈ ನಿಂತಿತು.

“ಎತ್ತನ್ನೂ ಕೇಳಿದ್ರು ಕಣಣ್ಣ. ಸತ್ತೋರನ್ನೂ ಕೇಳಿದ್ರು. ನನ್ನ ಮಾತ್ರ ಒಂದಿನಾನೂ ಕೇಳಲಿಲ್ಲ.”

ಅಷ್ಟು ಭಾನುವಾರ ಅವಳ ಹೆಸರು ಹಿಡಿದು ಉರಿದ ನಾನೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಮೇಷ್ಟ್ರ ದನಿಯಲ್ಲೇ ಕೇಳಿದೆ.

“ಕಾಲು ನೋವಿಗೂ ಮುಂಚೆ ಏನಿತ್ತವ್ವ?”

“ಏನಿತ್ತು ಅಂದ್ರೆ?” ಎಂದಳು ಪಾಲಮ್ಮ, ಇಂಥದ್ದನ್ನೂ ಕೇಳುತ್ತಾರೆಯೇ ಎಂಬ ಹಾಗೆ. “ಅವ್ವ ನೆಪ್ಪಾಗಿದ್ಲು.”

ಜೇಬಿನಲ್ಲಿ ಕಚೇರಿಯ ಕೆಂಪು ಪೆನ್ನು ಇತ್ತು. ಮೇಷ್ಟ್ರು ಖಾಲಿ ಬಿಟ್ಟಿದ್ದ ಜಾಗದಲ್ಲಿ, ನನ್ನ ದುಂಡನೆಯ ಅಕ್ಷರದಲ್ಲಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಕೆಳಗೆ ‘ಮುಕ್ತಾಯ’ ಎಂದು ಬರೆಯಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಪಾಲಮ್ಮ ಮತ್ತೆ ಬಾಚತೊಡಗಿದ್ದಳು, ಇನ್ನೂ ಏನೋ ಹೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತ ಕೂತೆ.